ಶ್ರೂಸ್‌ಬರಿಯ ಫ್ರಾಂಕ್‌ವೆಲ್ ನೋಡೋದು ಹೇಗೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಶ್ರೂಸ್‌ಬರಿ ಊರಿಗೆ ಟ್ರೈನಲ್ಲಿ ಒಂದು ಗಂಟೆ ಅಷ್ಟೇ, ಇಳಿದವರೆಲ್ಲ ಸೀದಾ ಕೋಟೆ ಕಡೆ ಹೋಗಿಬಿಡ್ತಾರೆ, ನೀವು ಮಾತ್ರ ದಯವಿಟ್ಟು ಫ್ರಾಂಕ್‌ವೆಲ್ ಬಿಡಬೇಡಿ. ಸೆವರ್ನ್ ನದಿ ಊರನ್ನ ಹೆಚ್ಚುಕಮ್ಮಿ ಪೂರ್ತಿ ಸುತ್ತಿಕೊಂಡು ಹರಿಯುತ್ತೆ, ಅದರ ಆಚೆ ದಡದಲ್ಲಿರೋ ಪೇಟೆನೇ ಇದು.

ಮೊದಲು ವೆಲ್ಷ್ ಬ್ರಿಡ್ಜ್ ಮೇಲೆ ನಡ್ಕೊಂಡು ಹೋಗಿ. 1795ರಲ್ಲಿ ಮುಗಿದ ಕಲ್ಲಿನ ಸೇತುವೆ, ಹೆಸರೇ ಹೇಳೋ ಹಾಗೆ ವೇಲ್ಸ್ ಕಡೆಗೆ ಹೋಗೋ ದಾರಿ, ವೇಲ್ಸ್‌ನ ಉಣ್ಣೆ ಬಟ್ಟೆ ವ್ಯಾಪಾರದಿಂದ್ಲೇ ಈ ಊರು ದುಡ್ಡು ಕಂಡಿದ್ದು. ಸೇತುವೆ ಮಧ್ಯ ಒಂದ್ನಿಮಿಷ ನಿಂತು ನೀರು ನೋಡಿ.

ದಾಟಿದ ಮೇಲೆ ನಿಧಾನ ಮಾಡಿ. ಕಪ್ಪು ಮರದ ತೊಲೆ, ನಡುವೆ ಬಿಳಿ ಗೋಡೆ, ಮೇಲಿನ ಮಹಡಿ ರಸ್ತೆ ಕಡೆ ಚಾಚಿಕೊಂಡಿರೋ ಹಳೇ ಮನೆಗಳು ಸಿಗ್ತವೆ, ತೊಲೆಗಳು ಸ್ವಲ್ಪ ಸೊಟ್ಟ ಆಗಿರೋದನ್ನ ಹತ್ತಿರದಿಂದ ನೋಡಿದ್ರೇನೇ ಚಂದ. ಏರಿನಲ್ಲಿ ದಿ ಮೌಂಟ್ ಅನ್ನೋ ಮನೆ ಇದೆ, ಚಾರ್ಲ್ಸ್ ಡಾರ್ವಿನ್ ಹುಟ್ಟಿದ್ದು ಅಲ್ಲೇ, 1809ರಲ್ಲಿ. ಅಪ್ಪ ಡಾಕ್ಟರು.

ಚಳಿಗಾಲದಲ್ಲಿ ಹೋಗೋರು ಹೊರಡೋ ಮುಂಚೆ ಪ್ರವಾಹದ ಎಚ್ಚರಿಕೆ ನೋಡ್ಕೊಳ್ಳಿ, ನದಿ ಪಕ್ಕದ ಕಾರ್ ಪಾರ್ಕ್‌ಗೆ ನೀರು ನುಗ್ಗುತ್ತೆ. 2000ನೇ ಇಸವಿಯ ದೊಡ್ಡ ನೆರೆ ಆದ್ಮೇಲೆ ಇಲ್ಲಿ ತಡೆಗೋಡೆ ಕಟ್ಟಿದ್ರು, ನೀರು ಏರಿದಾಗ ಅಲ್ಯೂಮಿನಿಯಂ ಹಲಗೆಗಳನ್ನ ಒಂದರ ಮೇಲೊಂದು ಜೋಡಿಸ್ತಾರೆ, ಇಳಿದ ಮೇಲೆ ಬಿಚ್ಚಿಡ್ತಾರೆ.