ಕೋವಿ ಠಾಣೆಯಲ್ಲಿತ್ತು

2020ರ ಡಿಸೆಂಬರ್. ಗ್ರಾಮ ಪಂಚಾಯಿತಿ ಚುನಾವಣೆ 22 ಮತ್ತು 27ರಂದು ಎರಡು ಹಂತಗಳಲ್ಲಿ ನಿಗದಿಯಾಗಿತ್ತು. ನಮ್ಮ ಕಡೆ ಚುನಾವಣೆ ಎಂದರೆ ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿಗಳೆಲ್ಲ ಪೊಲೀಸ್ ಠಾಣೆ ಸೇರುವ ಕಾಲ. ಅಜ್ಜ ತಮ್ಮ ಒಂಟಿ ನಳಿಗೆಯ ಕೋವಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ನನ್ನ ಬೈಕಿನ ಹಿಂದೆ ಕುಳಿತು ಬಂದರು, ಒಪ್ಪಿಸಿದರು, ರಸೀದಿಯನ್ನು ಮನೆಗೆ ತಂದು ಪಂಚಾಂಗದೊಳಗೆ ಇಟ್ಟರು. ಸುಗ್ಗಿ ಗದ್ದೆಗೆ, ಅಂದರೆ ಎರಡನೆಯ ಬೆಳೆಯ ಭತ್ತಕ್ಕೆ, ಕಡವೆ ಇಳಿಯತೊಡಗಿದ್ದು ಅದರ ಮರುವಾರ. ಕಡವೆಗೂ ಯಾರೋ ಆ ರಸೀದಿ ತೋರಿಸಿರಬೇಕು ಎಂದು ಅಜ್ಜಿ ಗೊಣಗಿದರು.

ಮನೆ ಇರುವುದು ಹೆಬ್ರಿಯಿಂದ ಒಳಗೆ, ಸೋಮೇಶ್ವರ ಅಭಯಾರಣ್ಯ ಹತ್ತಿರವಿರುವ ಕಡೆ. ಎದುರಿಗೆ ಗದ್ದೆ, ಗದ್ದೆಯ ಆಚೆ ಹಾಡಿ ಎಂದು ನಾವು ಕರೆಯುವ ಮರಗಿಡಗಳ ತೋಪು, ಹಾಡಿಯ ಆಚೆ ಕಾಡು, ಅದರ ಮೇಲೆ ಘಟ್ಟ. ಕೊರೊನಾ ಕಾರಣದಿಂದ ಮಂಗಳೂರಿನ ನಮ್ಮ ಕಚೇರಿ ಮನೆಯಿಂದಲೇ ಕೆಲಸ ಮಾಡಿ ಎಂದಿದ್ದರಿಂದ ನಾನು ಆ ಚಳಿಗಾಲವಿಡೀ ಅಲ್ಲೇ ಇದ್ದೆ. ಒಂದು ರಾತ್ರಿ ಗಂಜಿ ಉಣ್ಣುತ್ತ ಅಜ್ಜ ಕೇಳಿದರು, “ಮಾಣಿ, ನಾಳೆ ಕಡವೆಗೆ ಕೂರೋಣವೇ?”

ಕೋವಿ ಇಲ್ಲವಲ್ಲ ಎಂದೆ. “ಕೂರುವುದಕ್ಕೆ ಕೋವಿ ಯಾಕೆ?” ಎಂದರು.

ಅಜ್ಜ ಪ್ರಾಯದಲ್ಲಿ ಬೇಟೆಗಾರರು. ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದು ಚಳಿ ಹಿಡಿಯಿತೆಂದರೆ ಊರಿನ ಗಂಡಸರು ನಾಯಿಗಳ ಜೊತೆ ಹಾಡಿಗೆ ನುಗ್ಗುತ್ತಿದ್ದರಂತೆ. ಒಂದು ಕಡೆಯಿಂದ ಬೊಬ್ಬೆ ಹೊಡೆದು ಪ್ರಾಣಿಯನ್ನು ಎಬ್ಬಿಸುವುದು, ಇನ್ನೊಂದು ಕಡೆ ನಾಲ್ಕು ಜನ ಕೋವಿ ಹಿಡಿದು ಕಾಯುವುದು. ಮಾಂಸ ಬಾಳೆಎಲೆಯಲ್ಲಿ ಪಾಲಾಗಿ ಮನೆಮನೆಗೆ ಹೋಗುತ್ತಿತ್ತು, ನಾಯಿಗೂ ಒಂದು ಪಾಲು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಅಭಯಾರಣ್ಯವೂ ಆಯಿತು. ಅಜ್ಜ ಬಿಟ್ಟರು. ಆಮೇಲೆ ಕೋವಿ ಇದ್ದದ್ದು ಹಂದಿ ಬಂದಾಗ ಆಕಾಶಕ್ಕೆ ಒಂದು ಈಡು ಹೊಡೆದು ಸದ್ದು ಮಾಡುವುದಕ್ಕೆ ಮಾತ್ರ. ಪಶ್ಚಾತ್ತಾಪ ಉಂಟೇ ಎಂದು ನಾನು ಒಮ್ಮೆ ಪೇಟೆಯವನ ಧಾಟಿಯಲ್ಲಿ ಕೇಳಿದ್ದೆ. “ಆಗ ತಪ್ಪಲ್ಲ, ಈಗ ತಪ್ಪು” ಎಂದು ಅಡಿಕೆ ಕತ್ತರಿಸುವುದನ್ನು ಮುಂದುವರಿಸಿದ್ದರು.

ಮೊದಲ ದಿನ ಸಂಜೆಯೇ ಹೋಗೋಣ ಎಂದದ್ದು ನಾನು. ಅಜ್ಜ ಬಚ್ಚಲೊಲೆಯ ಬೂದಿಯನ್ನು ಜರಡಿ ಹಿಡಿದು ನುಣ್ಣಗಿನದನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದರು. ಅಂಗಳಕ್ಕೆ ಕರೆದು ಗಂಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಎಳೆಯಷ್ಟು ಬೂದಿ ಹೊರಬಿದ್ದು ಗದ್ದೆಯ ಕಡೆಗೆ, ಅಂದರೆ ಮೂಡಣ ದಿಕ್ಕಿಗೆ ತೇಲಿ ಹೋಯಿತು. “ಇದು ಕಡಲ ಗಾಳಿ. ನಾವು ಹೋಗುವ ಮೊದಲೇ ನಮ್ಮ ವಾಸನೆ ಹಾಡಿ ಮುಟ್ಟಿ ಆಗಿದೆ.”

ಈ ಗಾಳಿಯ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ನಾನು ಆ ಚಳಿಗಾಲದಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಅದೇ. ಹಗಲು ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಮಧ್ಯಾಹ್ನದ ಮೇಲೆ ಗಾಳಿ ಪಡುವಣದಿಂದ ಒಳನಾಡಿಗೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಘಟ್ಟದ ತಂಪು ಗಾಳಿ ಕಣಿವೆ ಹಿಡಿದು ಕಡಲಿನ ಕಡೆಗೆ ಇಳಿಯುತ್ತದೆ. ಹಿಂದೆ ಹಾಯಿ ದೋಣಿಯವರು ನಸುಕಿನ ಗಾಳಿಯಲ್ಲಿ ಕಡಲಿಗೆ ಹೋಗಿ ಮಧ್ಯಾಹ್ನದ ಗಾಳಿಯಲ್ಲಿ ದಡಕ್ಕೆ ಬರುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಅಜ್ಜನ ಲೆಕ್ಕ ಇನ್ನೂ ಸುಲಭ: “ಬೆಳಿಗ್ಗೆಯಾಗಲಿ ಸಂಜೆಯಾಗಲಿ, ಸೂರ್ಯ ಕಣ್ಣಿಗೆ ಹೊಡೆಯುವಂತೆ ಕುಳಿತುಕೋ. ಗಾಳಿ ತಾನಾಗಿ ಮುಖಕ್ಕೆ ಬರುತ್ತದೆ.” ಮಳೆಗಾಲಕ್ಕೆ ಈ ಮಾತು ಸಲ್ಲುವುದಿಲ್ಲ. ನಮ್ಮ ಗದ್ದೆಯ ಪಡುವಣ ಅಂಚಿನಲ್ಲಿ ಕುಳಿತು ಮೂಡಣದ ಹಾಡಿಯನ್ನು ನೋಡಬೇಕಾದರೆ ಸಂಜೆ ಆಗುವುದೇ ಇಲ್ಲ, ನಸುಕು ಮಾತ್ರ. ರಾತ್ರಿ ಮೇದ ಕಡವೆ ಹಾಡಿಗೆ ಹಿಂದಿರುಗುವ ಹೊತ್ತೂ ಅದೇ.

ನಾಲ್ಕು ಗಂಟೆಗೆ ಎದ್ದೆವು. ನಾನು ಸೊಳ್ಳೆಗೆಂದು ಮುಲಾಮು ಹಚ್ಚಿಕೊಂಡು ಬಂದೆ. ಅಜ್ಜ ಮೂಗೆಳೆದು, “ಇದನ್ನು ಘಟ್ಟದ ಮೇಲಿನ ಕಡವೆಯೂ ಮೂಸುತ್ತದೆ” ಎಂದು ಬಚ್ಚಲಿಗೆ ಅಟ್ಟಿದರು. ಗಾಳಿ ಎದುರಿನಿಂದ ಬರುವಾಗ ವಾಸನೆಯ ಚಿಂತೆ ಯಾಕೆ ಎಂದು ವಾದಿಸಿದೆ. ಹಾಡಿಯ ಅಂಚಿನಲ್ಲಿ ಗಾಳಿ ಸುತ್ತು ಹಾಕುತ್ತದೆ ಎಂದರು. ಸದ್ದು ಮಾಡುವ ನನ್ನ ಜಾಕೆಟ್ಟನ್ನೂ ತೆಗೆಸಿ ತಮ್ಮ ಹಳೆಯ ಕಂಬಳಿ ಹೊದಿಸಿದರು. ಅವರು ಸ್ವತಃ ಹಿಂದಿನ ರಾತ್ರಿಯಿಂದ ಎಲೆಅಡಿಕೆ ಮುಟ್ಟಿರಲಿಲ್ಲ. ಬಾಯಲ್ಲಿ ರಸವಿದ್ದರೆ ಉಗುಳಲೇಬೇಕಾಗುತ್ತದಲ್ಲ. ಅಜ್ಜನ ಅರುವತ್ತು ವರ್ಷದ ಚಟವನ್ನು ಎಂಟು ಗಂಟೆ ತಡೆದು ನಿಲ್ಲಿಸಬಲ್ಲ ಪ್ರಾಣಿಯ ಮೇಲೆ ನನಗೆ ಆಗಲೇ ಗೌರವ ಬಂತು.

ಕೂರುವುದು ಹಲಸಿನ ಮರದ ಬುಡದಲ್ಲಿ, ಬೈಹುಲ್ಲು ತುಂಬಿದ ಗೋಣಿಯ ಮೇಲೆ, ಬೆನ್ನು ಕಾಂಡಕ್ಕೆ ಒತ್ತಿ. ಮರದೊಳಗೆ ಮನುಷ್ಯನ ಆಕಾರ ಕರಗಬೇಕು. ಮೊದಲ ದಿನ ನಾನು ಚಕ್ಕಳಮಕ್ಕಳ ಹಾಕಿ ಕುಳಿತೆ, ಅರ್ಧ ಗಂಟೆಯಲ್ಲಿ ಕಾಲು ಜೋಮು ಹಿಡಿದು ಒಮ್ಮೆ ಸರಿದೆ. ಅಷ್ಟಕ್ಕೇ ಅಜ್ಜ ಎದ್ದು ಮನೆಗೆ ಹೊರಟುಬಿಟ್ಟರು. ಎರಡನೆಯ ದಿನ ಕೆಮ್ಮಿದೆ. ಅವತ್ತೂ ಹಾಗೆಯೇ, ಬೈಗುಳವಿಲ್ಲ, ಎದ್ದು ನಡೆದದ್ದು.

ಮೂರನೆಯ ದಿನ ಕಾಲು ಚಾಚಿ ಕುಳಿತೆ. ಅಡಿಕೆ ಸೋಗೆಯಿಂದ ಇಬ್ಬನಿ ಟಪ್ ಟಪ್ ಎಂದು ಬೀಳುತ್ತಿತ್ತು. ಮೊದಮೊದಲು ಪ್ರತಿ ಹನಿಯೂ ಹೆಜ್ಜೆಯಂತೆಯೇ ಕೇಳಿಸಿ ಎದೆ ಹಾರುತ್ತದೆ. ಒಂದು ಗಂಟೆ ಕೇಳಿದ ಮೇಲೆ ಕಿವಿ ತಾನಾಗಿ ಹನಿಯನ್ನು ಬದಿಗಿಟ್ಟು ಬೇರೆ ಸದ್ದಿಗೆ ಕಾಯತೊಡಗುತ್ತದೆ. ಕತ್ತಲೆಯಲ್ಲಿ ನೋಡುವುದಕ್ಕೂ ಅಜ್ಜ ಒಂದು ಉಪಾಯ ಹೇಳಿಕೊಟ್ಟಿದ್ದರು. ನೋಡಬೇಕಾದುದನ್ನು ನೇರ ನೋಡಬಾರದು, ಅದರ ಸ್ವಲ್ಪ ಪಕ್ಕಕ್ಕೆ ನೋಡಬೇಕು. ಮಂದ ಬೆಳಕಿಗೆ ಸ್ಪಂದಿಸುವ ಕಣ್ಣಿನ ಕೋಶಗಳು ನಟ್ಟ ನಡುವೆ ಇಲ್ಲ, ಸುತ್ತ ಇವೆ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಓದಿ ಪರೀಕ್ಷೆ ಬರೆದಿದ್ದೆ, ಅಷ್ಟೇ.

ಕಾಜಾಣ ಕೂಗಿ ಸ್ವಲ್ಪ ಹೊತ್ತಾಗಿತ್ತು. ಅಜ್ಜನ ಒಂದು ಬೆರಳು ನನ್ನ ಮಂಡಿಯ ಮೇಲೆ ಬಂದು ಕುಳಿತಿತು. ಗದ್ದೆಯ ಬದುವಿನ ಮೇಲೆ, ಕತ್ತಲೆಗಿಂತ ಒಂದು ಪಾಲು ಹೆಚ್ಚು ಕಪ್ಪಾಗಿ, ಏನೋ ಇತ್ತು. ನೇರ ನೋಡಿದರೆ ಇಲ್ಲ, ಪಕ್ಕಕ್ಕೆ ನೋಡಿದರೆ ಇದೆ. ನಿಧಾನವಾಗಿ ಅದಕ್ಕೆ ಕುತ್ತಿಗೆ ಬಂತು, ಆಮೇಲೆ ಎರಡು ದೊಡ್ಡ ಕಿವಿ. ಕೊಂಬಿಲ್ಲ, ಹೆಣ್ಣು. ಒಂದು ಕಿವಿ ನಮ್ಮ ಕಡೆ ತಿರುಗಿತು, ಇನ್ನೊಂದು ಹಾಡಿಯ ಕಡೆಗೇ ಇತ್ತು. ಭತ್ತದ ಗರಿ ಹರಿಯುವ ಸದ್ದು ಕೂಡ ಕೇಳುತ್ತಿತ್ತು, ಹಲ್ಲಿನಿಂದ ಹಿಡಿದು ಕುತ್ತಿಗೆಯಿಂದ ಎಳೆಯುವ ಚರ್ ಎಂಬ ಸದ್ದು. ಇಷ್ಟಾಗಿಯೂ ನಾನು ಕಂಬಳಿಯೊಳಗಿಂದ ಮೊಬೈಲ್ ತೆಗೆದೆ. ಪರದೆಯ ಬೆಳಕು ನನ್ನ ಮುಖಕ್ಕೆ ಬಿತ್ತು.

ಮುಂಗಾಲನ್ನು ನೆಲಕ್ಕೆ ಒಮ್ಮೆ ಅಪ್ಪಳಿಸಿ ಅದು ‘ಢಾಂಕ್’ ಎಂದು ಕೂಗಿದ್ದು ನನ್ನ ಎದೆಯೊಳಗೇ ಕೇಳಿಸಿತು. ಹಾಡಿಯಲ್ಲಿ ಸೊಪ್ಪು ಮುರಿದ ಸದ್ದು, ಮತ್ತೆ ಇಬ್ಬನಿ. ಮೊಬೈಲಿನಲ್ಲಿ ಸಿಕ್ಕಿದ್ದು ಕಪ್ಪು ಚೌಕ.

“ಎರಡು ಇದ್ದವು” ಎಂದರು ಅಜ್ಜ. ನಾನು ಒಂದೇ ಕಂಡದ್ದು ಎಂದೆ. “ನಾನೂ ಒಂದೇ ಕಂಡದ್ದು. ಮೇಯುವ ಸದ್ದು ಎರಡಿತ್ತು.”

ಬೆಳಕು ಹರಿದ ಮೇಲೆ ಬದುವಿನ ಕೆಸರಿಗೆ ಇಳಿದೆವು. ಹಂದಿಯ ಹೆಜ್ಜೆಯಾದರೆ ಗೊರಸಿನ ಹಿಂದೆ ಅಗಲಕ್ಕೆ ಎರಡು ಚುಕ್ಕೆ ಇರುತ್ತದೆ, ಕಡವೆ ನಿಧಾನಕ್ಕೆ ನಡೆದಾಗ ಆ ಚುಕ್ಕೆ ಮೂಡುವುದು ಕಡಿಮೆ ಎಂದು ಅಜ್ಜ ಕೋಲಿನ ತುದಿಯಲ್ಲಿ ತೋರಿಸಿದರು. ದೊಡ್ಡ ಗೊರಸಿನ ಸಾಲಿನ ಪಕ್ಕದಲ್ಲಿ ಅದರ ಅರ್ಧದಷ್ಟರ ಇನ್ನೊಂದು ಸಾಲು. ಅಜ್ಜ ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು ಮರಿಯ ಹೆಜ್ಜೆಯ ಮೇಲೆ ಇಟ್ಟರು. ಹೆಜ್ಜೆ ಪೂರ್ತಿ ಮುಚ್ಚಿಹೋಯಿತು. ಆಮೇಲೆ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚಿಕೊಂಡರು. ನಾವು ಕುಳಿತ ಹಲಸಿನ ಬುಡಕ್ಕೆ ಅಲ್ಲಿಂದ ನಾನು ಅಳೆದಾಗ ಮೂವತ್ತೆರಡು ಹೆಜ್ಜೆ.

ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲಿ ನಿಂತು ಗದ್ದೆಯನ್ನೇ ನೋಡುತ್ತಿದ್ದರು. ಹಾಡಿಯ ಬದಿಯ ಗದ್ದೆಯ ಕಾಲು ಭಾಗ ಬೋಳಾಗಿತ್ತು.

“ಇಬ್ಬರು ಗಂಡಸರು ಕಾವಲು ಕುಳಿತದ್ದೋ, ಬಡಿಸಲಿಕ್ಕೆ ಕುಳಿತದ್ದೋ?” ಎಂದು ಕೇಳಿ ಚಾ ಮಾಡಲು ಒಳಗೆ ಹೋದರು.