ನಡುರಾತ್ರಿ ಮೀನಖಂಡ ಹಿಡಿದುಕೊಂಡರೆ

ನಿದ್ದೆಯಲ್ಲಿ ಮೀನಖಂಡ ಕಲ್ಲಿನಂತೆ ಬಿಗಿದಾಗ ಬಹಳಷ್ಟು ಜನ ಮಂಡಿ ಮಡಚಿ, ಕಾಲನ್ನು ಎದೆಗೆ ಎಳೆದುಕೊಂಡು, ಗಂಟಾದ ಜಾಗವನ್ನು ಹಿಸುಕುತ್ತಾರೆ. ಮಂಡಿ ಮಡಚಿದಲ್ಲೇ ಕೆಲಸ ಕೆಟ್ಟಿತು.

‘ನರ ಹಿಡಿದಿದೆ’ ಎನ್ನುವುದು ರೂಢಿ. ಹಿಡಿದಿರುವುದು ಸ್ನಾಯು, ನರ ಅದಕ್ಕೆ ಬಿಡುವಿಲ್ಲದೆ ಸಂಕೇತ ಕಳಿಸುತ್ತಿದೆ. ಸ್ನಾಯುವಿನ ಪ್ರತಿ ಎಳೆಯೊಳಗೂ ಸಾರ್ಕೊಮಿಯರ್ ಎಂಬ ಪುಟ್ಟ ಖಾನೆಗಳ ಸಾಲಿದೆ. ಒಂದು ಮಿಲಿಮೀಟರಿನಲ್ಲಿ ಸುಮಾರು 400 ಹಿಡಿಸುತ್ತವೆ. ಸಂಕೇತ ಬಂದಾಗ ಎಳೆಯೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ, ಮಯೋಸಿನ್ ತಂತುಗಳು ಆಕ್ಟಿನ್ ತಂತುಗಳನ್ನು ಹಿಡಿದೆಳೆದು ಖಾನೆ ಗಿಡ್ಡವಾಗುತ್ತದೆ. ಸಂಕೇತ ನಿಂತು ಕ್ಯಾಲ್ಸಿಯಂ ಹಿಂದಕ್ಕೆ ಹೋದರಷ್ಟೇ ಹಿಡಿತ ಸಡಿಲ. ಸ್ನಾಯುವನ್ನು ನಿಧಾನವಾಗಿ ಹಿಗ್ಗಿಸುವುದು ಆ ಸಂಕೇತವನ್ನು ತಗ್ಗಿಸಲಿಕ್ಕೇ.

ಮೊದಲು ಹಾಸಿಗೆಯಲ್ಲೇ ಎದ್ದು ಕೂತುಕೊಳ್ಳಿ. ಧಡಕ್ಕನೆ ಜಿಗಿದು ನಿಂತರೆ ಬೀಳುತ್ತೀರಿ.

ಆಮೇಲೆ ಕಾಲು ಚಾಚಿ ಮಂಡಿಯನ್ನು ಪೂರ್ತಿ ನೆಟ್ಟಗೆ ಮಾಡಿ. ಮೀನಖಂಡದಲ್ಲಿ ಎರಡು ಮುಖ್ಯ ಸ್ನಾಯುಗಳಿವೆ. ಮೇಲಿನ ಗ್ಯಾಸ್ಟ್ರೊಕ್ನೀಮಿಯಸ್ ಹುಟ್ಟುವುದು ಮಂಡಿಗಿಂತ ಮೇಲೆ, ತೊಡೆಮೂಳೆಯಲ್ಲಿ. ಅದರಡಿಯ ಸೋಲಿಯಸ್ ಮಂಡಿಯ ಕೆಳಗೆ. ಎರಡೂ ಹಿಮ್ಮಡಿ ಮೂಳೆಗೆ ಅಂಟಿವೆ. ಮಂಡಿ ಮಡಚಿದರೆ ಮೇಲಿನದು ಸಡಿಲವಾಗಿಬಿಡುತ್ತದೆ, ಎಷ್ಟು ಎಳೆದರೂ ಹಿಗ್ಗುವುದಿಲ್ಲ. ಟವೆಲನ್ನು ಬೆರಳಿಗಲ್ಲ, ಬೆರಳುಗಳ ಬುಡದ ದಪ್ಪ ಭಾಗಕ್ಕೆ ಸುತ್ತಿ, ಎರಡೂ ತುದಿ ಹಿಡಿದು ಪಾದವನ್ನು ನಿಮ್ಮ ಕಡೆಗೆ ಮೆಲ್ಲಗೆ ಎಳೆಯಿರಿ. ಸುಮಾರು 30 ಸೆಕೆಂಡ್ ಹಾಗೇ ಹಿಡಿದಿಡಿ, ಉಸಿರು ಕಟ್ಟಬೇಡಿ. ಸ್ವಲ್ಪ ಬಿಟ್ಟು ಮತ್ತೆರಡು ಸಲ ಮಾಡಿ. ಟವೆಲ್ ಸಿಗದಿದ್ದರೆ ಅಂಗಾಲನ್ನು ಗೋಡೆಗೆ ಒತ್ತಿದರೂ ನಡೆಯುತ್ತದೆ. ಪಕ್ಕದವರು ಸಹಾಯಕ್ಕೆ ಬಂದರೆ ಜಗ್ಗಬೇಡಿ ಎಂದು ಮೊದಲೇ ಹೇಳಿ. ಬಿಗಿದ ಸ್ನಾಯುವನ್ನು ಜೋರಾಗಿ ಜಗ್ಗಿದರೆ ಎಳೆಗಳು ಹರಿದು ನಾಲ್ಕು ದಿನ ಕುಂಟಬೇಕಾದೀತು.

ಬಿಗಿ ಬಿಟ್ಟ ಮೇಲೆ ನಾಲ್ಕು ಹೆಜ್ಜೆ ನಡೆದು, ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಮರುದಿನ ಸ್ವಲ್ಪ ನೋವು ಉಳಿಯುವುದು ಸಹಜ.

ನೋವಿನ ಬಾಮ್ ವಿಷಯ: ಅದು ಚರ್ಮವನ್ನು ಉರಿಸುತ್ತದೆ, ಸೆಳೆತ ಬಿಡಿಸುವುದಿಲ್ಲ. ಡಬ್ಬಿ ಹುಡುಕುವಷ್ಟರಲ್ಲಿ ಸೆಳೆತ ತಾನೇ ಬಿಟ್ಟಿರುತ್ತದೆ, ಹೆಸರು ಮಾತ್ರ ಬಾಮಿಗೆ. ವಯಸ್ಸಾದವರ ಸೆಳೆತಕ್ಕೆ ಮೆಗ್ನೀಸಿಯಂ ಮಾತ್ರೆ ಹೇಳಿಕೊಳ್ಳುವಷ್ಟು ಫಲ ಕೊಟ್ಟಿಲ್ಲ, ದುಡ್ಡು ಉಳಿಸಿ. ಮಲೇರಿಯಾ ಔಷಧಿಯಾದ ಕ್ವಿನೈನ್ ಅಂತೂ ಸ್ವಂತ ಬುದ್ಧಿಯಿಂದ ನುಂಗಲೇಬೇಡಿ. ರಕ್ತಕಣಗಳಿಗೂ ಹೃದಯದ ಬಡಿತಕ್ಕೂ ಅಪಾಯವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕಾಲಿನ ಸೆಳೆತಕ್ಕೆ ಅದನ್ನು ಬಳಸದಂತೆ ಎಚ್ಚರಿಸಿದೆ.

ಕಾಲ ಬಳಿ ಕಂಬಳಿಯನ್ನು ಬಿಗಿಯಾಗಿ ಸಿಕ್ಕಿಸುವ ಅಭ್ಯಾಸ ಬಿಡಿ. ಅದರ ಭಾರಕ್ಕೆ ಪಾದ ಕೆಳಕ್ಕೆ ಬಾಗಿ ಮೀನಖಂಡ ಗಿಡ್ಡವಾಗಿ ಮಲಗಿರುತ್ತದೆ, ಸೆಳೆತಕ್ಕೆ ಅದೇ ಹದ. ಆದರೆ ಒಂದೇ ಕಾಲು ಊದಿ, ಬಿಸಿಯಾಗಿ, ನೋವು ಇಳಿಯದಿದ್ದರೆ ಟವೆಲ್ ಬದಿಗಿಟ್ಟು ಅಂದೇ ವೈದ್ಯರ ಬಳಿ ಹೋಗಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅಂಥ ಕಾಲನ್ನು ತಿಕ್ಕಲೂಬಾರದು.