ಸ್ಟೀಲ್ ಡಿಸ್ಕ್‌ಗೆ ಬಣ್ಣ ಹಾಕಿಸುತ್ತೀರಾ? ಮಲೆನಾಡಿನ ಮಳೆ ತಡೆಯುವ ಹಾಗೆ ಹಾಕಿಸಿ

ಯಾವ ಕಲರ್ ಚೆನ್ನಾಗಿ ಕಾಣುತ್ತದೆ ಅಂತ ಯೋಚಿಸುವುದಕ್ಕೆ ಮುಂಚೆ ಡಿಸ್ಕ್, ಅಂದರೆ ಗಾಡಿಯ ಟೈರ್ ಕೂರುವ ಸ್ಟೀಲ್ ಚಕ್ರ, ಬಿಚ್ಚಿ ಹಿಂಭಾಗ ನೋಡಿ. ಹೊರಗಿನ ರಿಮ್ಮಿಗೂ ನಡುವಿನ ತಟ್ಟೆಗೂ ವೆಲ್ಡ್ ಹೊಡೆದಿರುವ ಜಾಗ ಇದೆಯಲ್ಲ, ಆ ಸಂದು. ನಮ್ಮ ಕಡೆ ತುಕ್ಕು ಮೊದಲು ಹಿಡಿಯುವುದು ಅಲ್ಲೇ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಓಡುವ ಗಾಡಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸಂದು ಸರಿಯಾಗಿ ಒಣಗುವುದೇ ಇಲ್ಲ, ಮೇಲಿಂದ ಕೆಮ್ಮಣ್ಣು ಹೋಗಿ ಕೂತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ಮುಖ ಎಷ್ಟೇ ಹೊಳೆಯಲಿ, ಸಂದಿಗೆ ಬಣ್ಣ ಇಳಿದಿಲ್ಲ ಅಂದರೆ ಒಂದೆರಡು ಮಳೆಗಾಲದಲ್ಲಿ ಅಲ್ಲಿಂದ ಕಂದು ಗೆರೆ ಇಳಿಯಲು ಶುರುವಾಗುತ್ತದೆ.

ಲೇತ್‌ನಲ್ಲಿ ಕೊಯ್ಸಿ, ಮಧ್ಯೆ ಪಟ್ಟಿ ಸೇರಿಸಿ ಅಗಲ ಮಾಡಿಸಿದ ಡಿಸ್ಕ್ ಆದರೆ ಬಣ್ಣಕ್ಕೆ ಮುಂಚೆ ಎರಡು ಪರೀಕ್ಷೆ ಆಗಲೇಬೇಕು. ಒಂದು, ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿ ಓಲಾಡುತ್ತದಾ ನೋಡುವುದು. ಇನ್ನೊಂದು, ಹಳೇ ಟೈರ್ ಹಾಕಿ ಗಾಳಿ ತುಂಬಿಸಿ, ಹೊಸ ವೆಲ್ಡ್ ಸುತ್ತಲೂ ಸೋಪಿನ ನೀರು ಸವರಿ ಗುಳ್ಳೆ ಬರುತ್ತದಾ ನೋಡುವುದು. ಬಣ್ಣ ಆದಮೇಲೆ ಲೀಕ್ ಸಿಕ್ಕರೆ ಮತ್ತೆ ವೆಲ್ಡ್ ಹೊಡೆಯಬೇಕು, ಬಣ್ಣ ಸುಟ್ಟು ಹೋಗುತ್ತದೆ. ಚಂದ ಕಾಣಲಿ ಅಂತ ವೆಲ್ಡನ್ನು ಗ್ರೈಂಡರ್‌ನಲ್ಲಿ ಸಪಾಟಾಗಿ ಉಜ್ಜಿಸಬೇಡಿ, ತೆಳುವಾದಷ್ಟೂ ಬಲ ಹೋಗುತ್ತದೆ. ಇನ್ನು ಬಣ್ಣ ಬದಲಾಯಿಸುವುದು ಬೇರೆ, ಅಗಲ ಬದಲಾಯಿಸುವುದು ಬೇರೆ. ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬಿಟ್ಟು ಗಾಡಿ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಅದನ್ನು ತಿಳಿದುಕೊಂಡೇ ಕೈ ಹಾಕಿ.

ಈಗ ಬಣ್ಣದ ವಿಷಯ. ನನ್ನ ಪ್ರಕಾರ ಸ್ಟೀಲ್ ಡಿಸ್ಕ್‌ಗೆ ಪೌಡರ್ ಕೋಟಿಂಗೇ ಸರಿ. ಒಣ ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಡಿಸ್ಕ್ ಮೇಲೆ ಹಾರಿಸುತ್ತಾರೆ, ಅದು ಅಂಟಿಕೊಳ್ಳುತ್ತದೆ, ಆಮೇಲೆ 180ರಿಂದ 200 ಡಿಗ್ರಿ ಓವನ್‌ನಲ್ಲಿ ಬೇಯಿಸುತ್ತಾರೆ. ಕಲ್ಲು ಬಡಿದರೆ ಸಾಮಾನ್ಯ ಪೇಂಟಿಗಿಂತ ಚೆನ್ನಾಗಿ ತಡೆಯುತ್ತದೆ. ಗೇಟು, ಗ್ರಿಲ್ಲು, ಕಬ್ಬಿಣದ ಮಂಚಕ್ಕೆ ಈ ಕೆಲಸ ಮಾಡುವವರು ಡಿಸ್ಕ್‌ಗೂ ಮಾಡಿಕೊಡುತ್ತಾರೆ. ಶಿವಮೊಗ್ಗದಲ್ಲಾದರೆ ಆಟೋ ಕಾಂಪ್ಲೆಕ್ಸ್, ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ವಿಚಾರಿಸಿ. ಆದರೆ ಗೇಟಿಗೆ ಮಾಡಿದ ಹಾಗೆ ಡಿಸ್ಕ್‌ಗೆ ಮಾಡಿದರೆ ಸಾಲದು, ನೀವು ನಿಂತು ಹೇಳಿ ಮಾಡಿಸಬೇಕಾದ್ದು ಕೆಲವು ಇದೆ.

ಮೊದಲನೆಯದು ಸಂದು. ಚಾರ್ಜ್ ಆದ ಪುಡಿ ಅಂಚುಗಳಿಗೆ ಓಡಿ ಹೋಗಿ ಅಂಟುತ್ತದೆ, ಒಳಮೂಲೆಗೆ ಇಳಿಯುವುದಿಲ್ಲ. ಇದಕ್ಕೆ ಫ್ಯಾರಡೆ ಕೇಜ್ ಎಫೆಕ್ಟ್ ಅನ್ನುತ್ತಾರೆ. ಡಿಸ್ಕ್‌ನ ಗಾಳಿ ತೂತುಗಳ ಹಿಂದೆ, ವೆಲ್ಡ್ ಪಕ್ಕದಲ್ಲಿ ಟಾರ್ಚ್ ಹಾಕಿ ನೋಡಿದರೆ ಬೂದು ಲೋಹ ಹಾಗೇ ಇಣುಕುತ್ತಿರುತ್ತದೆ. ಅದಕ್ಕೇ ವೋಲ್ಟೇಜ್ ಕಮ್ಮಿ ಮಾಡಿ, ಮೊದಲು ಸಂದಿಗೆ ಹೊಡೆದು, ಆಮೇಲೆ ಮುಖಕ್ಕೆ ಹೊಡೆಯಲು ಹೇಳಿ. ಒಳಗೆ ಝಿಂಕ್ ಇರುವ ಅಥವಾ ಎಪಾಕ್ಸಿ ಪ್ರೈಮರ್ ಒಂದು ಕೋಟ್, ಮೇಲೆ ಪಾಲಿಯೆಸ್ಟರ್ ಪೌಡರ್. ಬರೀ ಎಪಾಕ್ಸಿ ಪೌಡರನ್ನೇ ಮೇಲಿನ ಕೋಟ್ ಮಾಡಿದರೆ ಬಿಸಿಲಿಗೆ ಸುಣ್ಣ ಬಳಿದ ಹಾಗೆ ಮಂಕಾಗುತ್ತದೆ.

ಎರಡನೆಯದು ಹಳೇ ಬಣ್ಣ, ತುಕ್ಕು ತೆಗೆಯುವುದು. ಸ್ಯಾಂಡ್ ಬ್ಲಾಸ್ಟಿಂಗೇ ಮಾಡಿಸಿ. ಆಸಿಡ್ ತೊಟ್ಟಿಯಲ್ಲಿ ಅದ್ದಿದರೆ ಆಸಿಡ್ ಸಂದಿನೊಳಗೆ ಉಳಿದು ಬಣ್ಣದ ಕೆಳಗಿಂದ ಮತ್ತೆ ಆಚೆ ಬರುತ್ತದೆ. ಬ್ಲಾಸ್ಟ್ ಆದ ಲೋಹಕ್ಕೆ ನಮ್ಮ ತೇವದ ಗಾಳಿಯಲ್ಲಿ ಸಂಜೆಯೊಳಗೆ ತುಕ್ಕಿನ ಛಾಯೆ ಬಂದುಬಿಡಬಹುದು, ಹಾಗಾಗಿ ಬೆಳಿಗ್ಗೆ ಬ್ಲಾಸ್ಟ್, ಮಧ್ಯಾಹ್ನದೊಳಗೆ ಪ್ರೈಮರ್. ಮಧ್ಯೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರು ಎಣ್ಣೆ ಅಂಟುತ್ತದೆ. ಪುಡಿ ಹೊಡೆಯುವ ಮುಂಚೆ ಖಾಲಿ ಡಿಸ್ಕನ್ನು ಒಂದು ಸಲ ಓವನ್‌ನಲ್ಲಿ ಕಾಯಿಸಿದರೆ ಸಂದಿನಲ್ಲಿದ್ದ ನೀರು, ಗ್ರೀಸು ಆಚೆ ಬರುತ್ತದೆ. ಇಲ್ಲದಿದ್ದರೆ ಬೇಯುವಾಗ ಬಣ್ಣದಲ್ಲಿ ಸೂಜಿ ತೂತು ಏಳುತ್ತದೆ. ತಗ್ಗಿಗೆ ಮಾಮೂಲಿ ಬಾಡಿ ಪುಟ್ಟಿ ತುಂಬಬೇಡಿ, ಆ ಬಿಸಿಗೆ ಬಿರುಕು ಬಿಡುತ್ತದೆ.

ಮೂರನೆಯದರಲ್ಲಿ ಜೀವದ ಪ್ರಶ್ನೆ ಇದೆ. ನಟ್ ಕೂರುವ ಓರೆ ಬಾಯಿ, ಹಬ್ (ಗಾಡಿಯಲ್ಲಿ ಚಕ್ರ ಬಿಗಿಯುವ ಭಾಗ) ಮೇಲೆ ಕೂರುವ ಹಿಂದಿನ ಚಪ್ಪಟೆ ಜಾಗ, ಇವೆರಡಕ್ಕೂ ದಪ್ಪ ಪೌಡರ್ ಬೀಳಬಾರದು. ಬಿದ್ದರೆ ಓಡುವಾಗ ಬಣ್ಣ ಅದುಮಿಕೊಂಡು ತೆಳುವಾಗುತ್ತದೆ, ನಟ್ ಸಡಿಲ ಆಗುತ್ತದೆ. ಸಿಲಿಕಾನ್ ಪ್ಲಗ್ ಅಥವಾ ಬಿಸಿ ತಡೆಯುವ ಟೇಪ್ ಹಾಕಿ ಮುಚ್ಚಿಸಿ. ಆ ಜಾಗಕ್ಕೆ ತೆಳ್ಳಗೆ ಪ್ರೈಮರ್ ಸಾಕು. ವಾಪಸ್ ಹಾಕುವಾಗ ನಟ್‌ಗಳನ್ನು ಎದುರು ಬದುರಾಗಿ, ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಸಿ. 50ರಿಂದ 100 ಕಿ.ಮೀ. ಓಡಿಸಿ ಮತ್ತೆ ನೋಡಿ. ಈ ಎರಡನೇ ಸಲದ ಬಿಗಿತ ಆಗುವ ತನಕ ಆಗುಂಬೆ, ಹುಲಿಕಲ್ ಘಾಟಿ ಇಳಿಯಬೇಡಿ.

ಡಿಸ್ಕ್ ಕೈಗೆ ಬಂದಾಗ ಹಿಂಭಾಗದಲ್ಲಿ ಕಾಣದ ಕಡೆ ಥಿನ್ನರ್ ಬಟ್ಟೆಯಿಂದ ಉಜ್ಜಿ. ಹೊಳಪು ಸ್ವಲ್ಪ ಮಂಕಾದರೆ ಪರವಾಗಿಲ್ಲ. ಬಣ್ಣವೇ ಬಟ್ಟೆಗೆ ಬಂದರೆ ಸರಿಯಾಗಿ ಬೆಂದಿಲ್ಲ, ವಾಪಸ್ ಕೊಡಿ.

ಮನೆಯಲ್ಲೇ ಹೊಡೆಯುತ್ತೇನೆ ಅನ್ನುವವರಿಗೆ ಎಪಾಕ್ಸಿ ಪ್ರೈಮರ್, ಮೇಲೆ 2ಕೆ ಪಿಯು ಪೇಂಟ್, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರಿಥೇನ್ ಬಣ್ಣ. ಗಾಳಿಯ ತೇವ 85%ಗಿಂತ ಜಾಸ್ತಿ ಇದ್ದ ದಿನ ಬೇಡ, ಬಣ್ಣ ಹಾಲು ಹಾಲಾಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಸಮಯ. ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ, ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ. ಕಾರ್ಟ್ರಿಜ್ ಇರುವ ಮಾಸ್ಕ್ ಇಲ್ಲದೆ ಹೊಡೆಯಲೇಬೇಡಿ.

ಕಲರ್ ಆರಿಸುವಾಗ ಆರ್‌ಎಎಲ್ ಶೇಡ್ ಕಾರ್ಡ್ (ಪ್ರತಿ ಬಣ್ಣಕ್ಕೂ ಒಂದು ನಂಬರ್ ಇರುವ ಪಟ್ಟಿ) ಕೇಳಿ, ನಂಬರ್ ಬರೆದಿಟ್ಟುಕೊಳ್ಳಿ. 9005 ಕಪ್ಪು ಎಲ್ಲರಿಗೂ ಇಷ್ಟ, ಆದರೆ ಒಣಗಿದ ಕೆಮ್ಮಣ್ಣು ಅದರ ಮೇಲೆ ಎದ್ದು ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಆದರಂತೂ ಹಿಡಿದ ಮಣ್ಣು ಬಿಡುವುದೇ ಇಲ್ಲ, ಅರೆ ಹೊಳಪಿನ ಸ್ಯಾಟಿನ್ ವಾಸಿ. 1015 ದಂತದ ಬಣ್ಣ ಹಳೇ ಕಾರಿಗೆ ತುಂಬಾ ಚಂದ, ಬ್ರೇಕ್ ಧೂಳು ಮಾತ್ರ ಕಾಣುತ್ತದೆ. ನನಗೆ ಇಷ್ಟವಾದದ್ದು 8017, ಗಾಢ ಚಾಕೊಲೇಟ್ ಕಂದು. ಬಿಳಿ, ಹಸಿರು ಗಾಡಿಗಳಿಗೆ ಗತ್ತು ಕೊಡುತ್ತದೆ, ಮಣ್ಣೂ ಅಷ್ಟಾಗಿ ಕಾಣುವುದಿಲ್ಲ. ಮೆಟಾಲಿಕ್ ಬೆಳ್ಳಿ ಬಣ್ಣ ಆದರೆ ಮೇಲೆ ಕ್ಲಿಯರ್ ಕೋಟ್ ಬೇಕೇ ಬೇಕು, ಇಲ್ಲದಿದ್ದರೆ ಅದರೊಳಗಿನ ಅಲ್ಯೂಮಿನಿಯಂ ಪುಡಿ ಕಪ್ಪಾಗುತ್ತದೆ.

ಬ್ಯಾಲೆನ್ಸಿಂಗ್‌ಗೆ ಅಂಚಿಗೆ ಬಡಿಯುವ ತೂಕ ಬೇಡ, ಬಣ್ಣ ಕಿತ್ತು ಅಲ್ಲೇ ನೀರು ಸೇರುತ್ತದೆ. ಒಳಗೆ ಅಂಟಿಸುವ ತೂಕ ಹಾಕಿಸಿ. ಹೊಸ ವಾಲ್ವ್ ಹಾಕಿಸುವುದಕ್ಕೂ ಇದೇ ಸಮಯ. ಅಡಿಕೆ ತೋಟಕ್ಕೆ ಗಾಡಿಯಲ್ಲಿ ಮೈಲುತುತ್ತ, ಬೋರ್ಡೋ ಡ್ರಮ್ ಸಾಗಿಸುವವರು ಇನ್ನೊಂದು ಗಮನಿಸಿ. ಬಣ್ಣ ಕಿತ್ತ ಕಡೆ ಮೈಲುತುತ್ತದ ನೀರು ಬಿದ್ದರೆ ಕಬ್ಬಿಣ ಕರಗಿ ಅದರ ಜಾಗಕ್ಕೆ ತಾಮ್ರ ಕೂರುತ್ತದೆ, ತುಕ್ಕು ಜೋರಾಗುತ್ತದೆ. ಅವತ್ತೇ ತೊಳೆಯಿರಿ, ಕಿತ್ತ ಜಾಗ ಉಜ್ಜಿ ಪ್ರೈಮರ್ ಹಚ್ಚಿ.

ಸ್ಟೆಪ್ನಿ ಡಿಸ್ಕನ್ನೂ ಸೇರಿಸಿ ಐದನ್ನೂ ಒಟ್ಟಿಗೇ ಕೊಡಿ. ಆಮೇಲೆ ಒಂದನ್ನೇ ಮಾಡಿಸಿದರೆ ಅದೇ ನಂಬರ್ ಆದರೂ ಶೇಡ್ ಸ್ವಲ್ಪ ಬೇರೆ ಬರಬಹುದು, ಮೆಟಾಲಿಕ್‌ನಲ್ಲಿ ಇನ್ನೂ ಜಾಸ್ತಿ.